ಹಳದಿಯೊಂದನ್ನು ಉಳಿಸಿ

ಜನವರಿ ೧೧

ಗುಂಡಾ,

ಫೋನ್ ಬಿಟ್ಟು ಕಾಗದ ಹಿಡಿದಿದ್ದಾಳೆ, ಅಕ್ಕನಿಗೂ ತಲೆ ಕೆಟ್ಟಿತು ಎಂದುಕೊಳ್ಳಬೇಡ. ಈ ಮನೆಯಲ್ಲಿ ಫೋನ್ ಸದ್ದಾದರೆ ಸಾಕು, ಅಮ್ಮ ಓಡಿಬಂದು ಕಿತ್ತುಕೊಳ್ಳುತ್ತಾಳೆ. ಆ ಕಡೆ ಯಾರೇ ಇರಲಿ, "ಎಲ್ಲಿದೀಯೇ ಮಗಳೇ, ಊಟ ಆಯ್ತೇನೇ" ಎಂದು ಅಳಲು ಶುರು. ಮೊನ್ನೆ ಏನನ್ನೋ ಮಾರಲು ಫೋನ್ ಮಾಡಿದ ಹುಡುಗ ತಬ್ಬಿಬ್ಬಾಗಿ, ಊಟ ಆಯ್ತಮ್ಮ ಎಂದದ್ದು ನನಗೂ ಕೇಳಿಸಿತು. ಅಂದಿನಿಂದ ಫೋನಿನ ಬಾಯಿ ಮುಚ್ಚಿಸಿ ಕಪಾಟಿನಲ್ಲಿ ಇಟ್ಟಿದ್ದೇನೆ.

ಅವಳು ಹುಡುಕುತ್ತಿರುವ ಮಗಳು ನಾನೇ. ನಾನು ಅವಳ ಪಕ್ಕದಲ್ಲೇ ನಿಂತಿರುತ್ತೇನೆ.

ನೀನು ಸ್ಟುಡಿಯೋ ಸೇರಿದ ಹೊಸದರಲ್ಲಿ ಕೈ ಪಳಗಲಿ ಎಂದು ನನ್ನದೊಂದು ಫೋಟೋ ತಿದ್ದಿದ್ದೆಯಲ್ಲ, ಪೂರ್ತಿ ಬೂದು, ತಲೆಯ ಸುತ್ತ ಮಾತ್ರ ಹಳದಿ ಸೇವಂತಿಗೆ, ಹಸಿರು ಎಲೆ. ಅಮ್ಮ ಅದನ್ನು ಗೋಡೆಯಿಂದ ಇಳಿಸಿಕೊಂಡಿದ್ದಾಳೆ. ಊಟಕ್ಕೆ, ನಿದ್ದೆಗೆ, ಬಚ್ಚಲಿಗೆ, ಎಲ್ಲಿಗೆ ಹೋದರೂ ಕಂಕುಳಲ್ಲಿ ಅದು. ಅದರೊಳಗಿರುವವಳು ಮಗಳು. ನಾನು ಅಡುಗೆಗೆ ಬಂದು ಹೋಗುವ ಯಾರೋ ಹೆಂಗಸು. ಇದು ಒಳ್ಳೆಯ ದಿನಗಳ ಮಾತು. ಕೆಟ್ಟ ದಿನಗಳಲ್ಲಿ ನಾನು ಮಗಳ ಕೋಣೆ ಹೊಕ್ಕು, ಅವಳ ಬಟ್ಟೆ ತೊಟ್ಟುಕೊಂಡ ಕಳ್ಳಿ.

ಫೋಟೋ ಎತ್ತಿಟ್ಟುಬಿಡಿ ಎಂದರು ವೈದ್ಯರು. ಎತ್ತಿಟ್ಟೆ. ಅಮ್ಮ ಹುಡುಕಿಕೊಂಡು ಬೀದಿಗಿಳಿದಳು. ಪಕ್ಕದ ಮನೆಯ ಟೈಲರಮ್ಮ ಬಸ್ ನಿಲ್ದಾಣದಿಂದ ಕೈಹಿಡಿದು ಕರೆದುಕೊಂಡು ಬಂದರು. ಮತ್ತೆ ಫೋಟೋ ಕೊಟ್ಟೆ, ಸುಮ್ಮನಾದಳು. ಮಾತ್ರೆ ಬದಲಿಸಿದರು, ಅಮ್ಮ ಗೋಡೆ ನೋಡುತ್ತ ಕುಳಿತಳೇ ಹೊರತು ನನ್ನನ್ನು ನೋಡಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಆ ಹುಡುಗಿಯನ್ನು ಮಾಡಿದವನು ನೀನು. ಅವಳಿಗೆ ವಯಸ್ಸು ಮಾಡಿಕೊಡು. ನಾನು ಈಗ ಇರುವ ಹಾಗೆ ಒಂದು ಫೋಟೋ ಮಾಡಿ ಕಳಿಸು, ಅಮ್ಮ ಅದನ್ನು ನೋಡಿ ನನ್ನನ್ನು ನೋಡಲಿ.

ನೀನೇ ಬರುತ್ತೇನೆ ಎನ್ನಬೇಡ. ಹೋದ ಸಲ ನೀನು ಬಾಗಿಲಲ್ಲಿ ನಿಂತದ್ದೇ ತಡ, ಅಪ್ಪ ಬಂದ ಎಂದು ಅಮ್ಮ ಬಚ್ಚಲಿಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡಳು. ನೀನು ಬಸ್ ಹತ್ತುವವರೆಗೂ ಹೊರಗೆ ಬರಲಿಲ್ಲ. ಅಪ್ಪ ಸತ್ತು ಎಷ್ಟು ವರ್ಷವಾಯಿತು ಎಂದು ಹೇಳಿ ಪ್ರಯೋಜನವಿಲ್ಲ. ಅವನ ಕೈ ಅವಳಿಗೆ ಇನ್ನೂ ನೆನಪಿದೆ, ನಾವು ನೆನಪಿಲ್ಲ.

ನಿನ್ನ ಅಕ್ಕ


ಜನವರಿ ೧೯

ಅಕ್ಕಾ,

ಗುಂಡ ಎಂದು ಕರೆಯುವವಳು ಈ ಭೂಮಿಯ ಮೇಲೆ ಇನ್ನೂ ಒಬ್ಬಳಿದ್ದಾಳಲ್ಲ ಎಂದು ಖುಷಿಯಾಯಿತು. ಮೈ ಇಳಿದರೂ ಹೆಸರು ಇಳಿದಿಲ್ಲ.

ಒಂದೇ ಸಲಕ್ಕೆ ಬೇಡ. ನಮ್ಮ ಕೆಲಸದಲ್ಲಿ ನಾನು ಕಲಿತದ್ದು ಇದೊಂದೇ: ಮುಖವನ್ನು ಒಟ್ಟಿಗೆ ಬದಲಿಸಿದರೆ ಅದು ನಾನಲ್ಲ ಎಂದು ಗಿರಾಕಿ ಕೂಗುತ್ತಾನೆ. ಇವತ್ತು ಕಣ್ಣು, ನಾಳೆ ಮೂಗು, ನಾಡಿದ್ದು ಗದ್ದ ಎಂದು ತೋರಿಸುತ್ತ ಹೋದರೆ, ಆಹಾ, ನಾನು ಇರುವುದೇ ಹೀಗೆ ಎನ್ನುತ್ತಾನೆ. ಬೋಳು ತಲೆಯ ಸಾಹೇಬನೊಬ್ಬನಿಗೆ ಹೀಗೇ ಕಂತಿನಲ್ಲಿ ಕೂದಲು ಬೆಳೆಸಿಕೊಟ್ಟಿದ್ದೇನೆ. ಅವನೀಗ ಕಚೇರಿಯ ಕಾರ್ಡಿಗೂ ಅದನ್ನೇ ಅಂಟಿಸಿಕೊಂಡಿದ್ದಾನೆ.

ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಹೋಗೋಣ. ಆ ಹುಡುಗಿಗೆ ಸ್ವಲ್ಪ ಸ್ವಲ್ಪವೇ ವಯಸ್ಸು ಹಾಕುತ್ತ ಒಂದೊಂದು ಪ್ರಿಂಟ್ ಕಳಿಸುತ್ತೇನೆ. ಅಮ್ಮನಿಗೆ ಒಂದು ಒಗ್ಗಿದ ಮೇಲೆ ಇನ್ನೊಂದು ಕೊಡು. ಹೀಗೆ ಅಮ್ಮನನ್ನು ಕೈಹಿಡಿದು ಆ ಹುಡುಗಿಯಿಂದ ನಿನ್ನವರೆಗೆ ನಡೆಸಿಕೊಂಡು ಬರೋಣ. ಹೂವನ್ನು ಮಾತ್ರ ಮುಟ್ಟುವುದಿಲ್ಲ. ಅದೇ ಹಳದಿ, ಅದೇ ಹಸಿರು, ಅದೇ ಜಾಗ. ಹಳದಿ ಹಸಿರು ಉಳಿಯಲಿ, ಮಿಕ್ಕಿದ್ದೆಲ್ಲ ಹೋಗಲಿ ಎಂದರೆ ಕಂಪ್ಯೂಟರ್ ಮರುಮಾತಿಲ್ಲದೆ ಮಾಡುತ್ತದೆ. ಅಮ್ಮ ಮುಖ ಮರೆತರೂ ಆ ಹೂವನ್ನು ಗುರುತು ಹಿಡಿಯುತ್ತಾಳೆ.

ಇದರ ಜೊತೆ ಮೊದಲನೆಯದನ್ನು ಇಟ್ಟಿದ್ದೇನೆ. ಕೆನ್ನೆ ಒಂದಿಷ್ಟು ಇಳಿಸಿದ್ದೇನೆ, ಅಷ್ಟೆ. ನಿನ್ನ ಈಗಿನ ಫೋಟೋ ಒಂದನ್ನು ಕಳಿಸು.

ಬರುವ ಮಾತು ನಾನು ಎತ್ತುವುದಿಲ್ಲ. ಊರಿನವರ ಮೂಗನ್ನೆಲ್ಲ ತಿದ್ದುತ್ತೇನೆ, ನನ್ನ ಮುಖದ ಮೇಲಿರುವ ಅಪ್ಪನ ಮೂಗಿಗೆ ಏನು ಮಾಡಲಿ ಹೇಳು.

ನಿನ್ನ ತಮ್ಮ


ಫೆಬ್ರವರಿ ೧೬

ಗುಂಡಾ,

ನಡೆಯುತ್ತಿದೆ ಕಣೋ.

ಗಾಜಿನ ಕಟ್ಟು ಹಾಕಿಸಿ ಕೊಟ್ಟ ಮೊದಲನೆಯದನ್ನು ಅಮ್ಮ ತಕರಾರಿಲ್ಲದೆ ತೆಗೆದುಕೊಂಡಳು. ಹೋದ ವಾರ ಬಂದ ಎರಡನೆಯದನ್ನು ನೋಡಿ "ಸ್ವಲ್ಪ ಸೊರಗಿದಾಳೆ, ಅಲ್ಲಿ ಸರಿಯಾಗಿ ಊಟ ಹಾಕಲ್ಲ ಅನ್ಸುತ್ತೆ" ಎಂದಳು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಸೊರಗಿದ್ದಾಳೆ ಎಂದು ನನ್ನ ಬಗ್ಗೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತು! ಆಮೇಲೆ ಅವಳು ತನ್ನ ತಟ್ಟೆಯಿಂದ ಒಂದು ತುತ್ತು ತೆಗೆದು ಫೋಟೋದ ಬಾಯಿಗೆ ಇಟ್ಟಳು. ಗಾಜು ಒರೆಸುವ ಕೆಲಸ ಒಂದು ಹೆಚ್ಚಾಯಿತು, ಇರಲಿ.

ಈಗ ಬೀದಿಗೆ ಹೋಗುವುದು ಕಡಿಮೆಯಾಗಿದೆ. ಮಗಳು ದಾರಿಯಲ್ಲಿದ್ದಾಳಂತೆ, ಬರುತ್ತಿದ್ದಾಳಂತೆ. ಹಾಗೆಂದು ಟೈಲರಮ್ಮನಿಗೆ ಹೇಳಿದಳು. ಬಂದಾಗ ಹಾಕಿಕೊಳ್ಳಲು ಒಂದು ಅಂಗಿ ಹೊಲಿಯಬೇಕಂತೆ. ಅಳತೆ ಯಾರದ್ದು ತೆಗೆಯಲಿ ಎಂದು ಅವರು ಕೇಳಿದರೆ, ಅಮ್ಮ ನನ್ನ ಕಡೆ ಕೈ ತೋರಿಸಿ, ಇವಳಿಗಿಂತ ತುಂಬಾ ಸಣ್ಣ ಎಂದಳು.

ನನ್ನ ಫೋಟೋ ಈಗ ಬೇಡ. ಯಾವುದೋ ಮದುವೆಯಲ್ಲಿ ತೆಗೆದದ್ದು ನಿನ್ನ ಹತ್ತಿರ ಇರಬೇಕಲ್ಲ, ಅದನ್ನು ನೋಡಿಕೊಂಡು ಮಾಡು. ಮೂರನೆಯದನ್ನು ಬೇಗ ಕಳಿಸು.

ನಿನ್ನ ಅಕ್ಕ


ಮಾರ್ಚ್ ೪

ಅಕ್ಕಾ,

ಮೂರು ಮತ್ತು ನಾಲ್ಕು, ಎರಡೂ ಇದರಲ್ಲಿವೆ. ನಾಲ್ಕನೆಯದೇ ಕೊನೆಯದು. ಬಡಾಯಿ ಎಂದುಕೊಳ್ಳಬೇಡ, ಇಷ್ಟು ಚೆನ್ನಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಕಿವಿಯ ಪಕ್ಕದ ನರೆಕೂದಲನ್ನು ಒಂದೊಂದಾಗಿ ಎಳೆದಿದ್ದೇನೆ. ಮಾಲೀಕ ಬೆನ್ನ ಹಿಂದೆ ನಿಂತು ನೋಡಿ, ಯಾರಿದು, ದೊಡ್ಡ ಮನೆತನದವರಂತೆ ಕಾಣುತ್ತಾರೆ ಎಂದ. ಆ ಮನುಷ್ಯನ ಬಾಯಲ್ಲಿ ಬೈಗುಳ ಬಿಟ್ಟು ಬೇರೆ ಮಾತು ಬರುವುದೇ ಅಪರೂಪ. ನಮ್ಮಕ್ಕ ಎಂದೆ, ಎದೆಯುಬ್ಬಿಸಿಕೊಂಡು.

ಅಮ್ಮ ನಿನ್ನನ್ನು ಮಗಳೇ ಎಂದು ಕರೆದ ದಿನ ಕಪಾಟಿನಿಂದ ಫೋನ್ ಹೊರಗೆ ತೆಗೆ. ಅವಳು ಕಿತ್ತುಕೊಂಡರೂ ಪರವಾಗಿಲ್ಲ. ಆ ಸದ್ದನ್ನು ನಾನೂ ಒಂದಿಷ್ಟು ಕೇಳುತ್ತೇನೆ.

ನಿನ್ನ ತಮ್ಮ


ಮಾರ್ಚ್ ೨೮

ತಮ್ಮಾ,

ಆಗಲಿಲ್ಲ.

ಮೂರನೆಯದು ಒಗ್ಗಿತು. ನಾಲ್ಕನೆಯದನ್ನು ಕೊಟ್ಟ ದಿನ ಅಮ್ಮ ಅದನ್ನು ತುಂಬ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಆಮೇಲೆ ಎದ್ದುಬಂದು ನನ್ನ ಮುಖದ ಪಕ್ಕಕ್ಕೆ ಹಿಡಿದಳು. ಒಮ್ಮೆ ಅದನ್ನು ನೋಡುತ್ತಾಳೆ, ಒಮ್ಮೆ ನನ್ನನ್ನು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಗಂಡಿನ ಕಡೆಯವರು ನೋಡಲು ಬಂದಾಗಲೂ ನಾನು ಹಾಗೆ ನಿಂತವಳಲ್ಲ.

"ನೀನಲ್ಲ" ಎಂದಳು. ಕೋಪದಿಂದಲ್ಲ, ಅಂಗಡಿಯಲ್ಲಿ ಬಟ್ಟೆ ವಾಪಸ್ ಕೊಡುವ ಹಾಗೆ.

ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಕನ್ನಡಿಯ ಮುಂದೆ ಹಿಡಿದು ನಾನೂ ನೋಡಿಕೊಂಡೆ. ನರೆಕೂದಲು ಹಾಕಿದ್ದೀಯ, ಸರಿ. ಕಣ್ಣ ಕೆಳಗಿನ ಕಪ್ಪು ಎಲ್ಲಿ? ತುಟಿಯ ಮೇಲಿನ ಮಚ್ಚೆ ಎಲ್ಲಿ? ಹುಬ್ಬಿನ ನಡುವೆ ಎರಡು ಗೆರೆ ಇವೆ, ಅವನ್ನು ಯಾರು ತಿಂದರು? ನನಗೆ ವಯಸ್ಸು ಮಾಡು ಎಂದರೆ ಮಾಡಿದೆ, ದಣಿವು ಬಿಟ್ಟುಬಿಟ್ಟೆ. ಸುಖವಾಗಿ ಬಾಳಿ ವಯಸ್ಸಾದವಳೊಬ್ಬಳು ಅದರಲ್ಲಿ ಕುಳಿತಿದ್ದಾಳೆ. ಅವಳನ್ನು ನೋಡಿದರೆ ನನಗೂ ಹೊಟ್ಟೆಕಿಚ್ಚಾಗುತ್ತದೆ. ಮಗಳೆಂದರೆ ಹಾಗಿರಬೇಕು ಎಂದು ಅಮ್ಮನಿಗೂ ಅನ್ನಿಸಿರಬೇಕು.

ನಿನ್ನ ಕೈಯ ಅಭ್ಯಾಸ ಅದು, ನನಗೆ ಗೊತ್ತು. ಎಲ್ಲರ ಮುಖವನ್ನೂ ಒರೆಸಿ ಒರೆಸಿ ಈಗ ಒರೆಸದೆ ಬಿಡಲು ಬರುವುದಿಲ್ಲ. ಬೈಯಬೇಕೆಂದು ಕುಳಿತೆ, ಬೈಯಲು ಶಕ್ತಿಯಿಲ್ಲ.

ಟೈಲರಮ್ಮನ ಫೋನಿನಲ್ಲಿ ಇವತ್ತು ನನ್ನ ಫೋಟೋ ತೆಗೆಸಿದ್ದೇನೆ. ಅವರೇ ನಿನಗೆ ಕಳಿಸುತ್ತಾರೆ. ಪೌಡರ್ ಹಚ್ಚಿಕೊಂಡಿದ್ದೇನೆ, ನಗಬೇಡ.

ಅಕ್ಕ


ಏಪ್ರಿಲ್ ೫

ಅಕ್ಕಾ,

ನಗಲಿಲ್ಲ.

ಫೋಟೋ ತೆರೆದು, ಹಳೆಯ ಸೇವಂತಿಗೆಯನ್ನು ಅದರ ಸುತ್ತ ಕೂರಿಸಿದೆ. ಹಳದಿ ಮತ್ತು ಎಲೆಹಸಿರು ಬಿಟ್ಟು ಬೇರೆಲ್ಲ ಬಣ್ಣ ಹೋಗಲಿ ಎಂದು ಕಂಪ್ಯೂಟರಿಗೆ ಹೇಳಿದೆ. ಗೋಡೆ ಬೂದಾಯಿತು, ಬಟ್ಟೆ ಬೂದಾಯಿತು, ಮುಖ ಬೂದಾಯಿತು. ಎಡಗಣ್ಣಿನ ಕೆಳಗೆ ಒಂದು ಕಡೆ ಮಾತ್ರ ಬಣ್ಣ ಹೋಗಲಿಲ್ಲ. ಹೂವಿನ ಎಸಳು ಜಾರಿ ಬಂದಿರಬೇಕೆಂದು ಮೌಸಿನಲ್ಲಿ ಹಿಡಿದು ಎಳೆದೆ. ಹೂವು ಬಂತು, ಅದು ಬರಲಿಲ್ಲ. ದೊಡ್ಡದು ಮಾಡಿ ನೋಡಿದೆ.

ಪೌಡರ್ ಕಣ್ಣಿಗೆ ಮೋಸ ಮಾಡುತ್ತದೆ, ಯಂತ್ರಕ್ಕೆ ಮಾಡುವುದಿಲ್ಲ. ಬಾಗಿಲು ತಗುಲಿತು ಎಂದು ಬರೆಯಬೇಡ. ಇದೊಂಚೂರು ತೆಗೆದುಬಿಡಿ ಎಂದು ದನಿ ತಗ್ಗಿಸಿ ಹೇಳುವ ಹೆಂಗಸರು ನಮ್ಮಲ್ಲಿಗೆ ಎಷ್ಟೋ ಜನ ಬರುತ್ತಾರೆ. ನಾನು ಏನೂ ಕೇಳದೆ ತೆಗೆದುಕೊಡುತ್ತೇನೆ. ಏಟಿನ ಕಲೆ ಮೊದಲು ಕೆಂಪು, ಆಮೇಲೆ ನೀಲಿ, ಆಮೇಲೆ ಹಸಿರು, ಕೊನೆಗೆ ಹಳದಿ. ನಿನ್ನದು ಹಳದಿಗೆ ಬಂದಿದೆ. ಅಂದರೆ ನನ್ನ ನಾಲ್ಕನೆಯ ಪ್ರಿಂಟ್ ಅಮ್ಮನ ಕೈ ಸೇರಿದ ಹೊತ್ತಿಗೆ ಬಿದ್ದ ಏಟು ಅದು.

ಯಾರು ಎಂದು ಕೇಳುವುದಿಲ್ಲ. ಆ ಮನೆಯಲ್ಲಿರುವುದು ನೀವಿಬ್ಬರೇ.

ನಾನು ಬರುತ್ತೇನೆ. ಅಮ್ಮ ಬಚ್ಚಲಲ್ಲಿ ಇದ್ದರೆ ಇರಲಿ.

ತಮ್ಮ


ಏಪ್ರಿಲ್ ೧೪

ಗುಂಡಾ,

ಬರಬೇಡ. ನೀನು ಬಂದರೆ ಅವಳು ಅಗಳಿ ಹಾಕಿಕೊಳ್ಳುತ್ತಾಳೆ, ಒಳಗೆ ಬಿದ್ದರೆ ಬಾಗಿಲು ಒಡೆಯಬೇಕು. ನೀನು ಹೋದ ಮೇಲೆ ಅವಳ ಜೊತೆ ಇರಬೇಕಾದವಳು ನಾನು. ಮರೆವಿನ ರೋಗಿಗಳನ್ನು ನೋಡಿಕೊಳ್ಳುವ ಕಡೆ ಅಮ್ಮನನ್ನು ಸೇರಿಸೋಣವೆಂದರೆ ಅಲ್ಲಿ ಜಾಗವಿಲ್ಲ, ಆದಾಗ ಕರೆಯುತ್ತೇವೆ ಎಂದಿದ್ದಾರೆ. ಜಾಗ ಹೇಗೆ ಆಗುತ್ತದೆ ಎಂದು ನಾನು ಕೇಳಲಿಲ್ಲ.

ಹೌದು, ಅಮ್ಮನೇ. ಫೋಟೋದ ಕಟ್ಟಿನ ಮೂಲೆಯಿಂದ. ಅದೂ ಮೊದಲ ಸಲವಲ್ಲ. ಹೊಡೆಯುವಾಗ ಅವಳು ಹೇಳುವುದು ಒಂದೇ ಮಾತು: "ನನ್ನ ಮಗಳನ್ನ ಏನು ಮಾಡಿದೆ? ಎಲ್ಲಿಟ್ಟಿದೀಯ ಅವಳನ್ನ?"

ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಏಟು ಬೀಳುವಾಗ ನನಗೆ ನೋವಾಗುತ್ತದೆ, ಅದರ ಜೊತೆಗೇ ಇನ್ನೇನೋ ಆಗುತ್ತದೆ. ಅಪ್ಪ ನಮ್ಮ ಮೇಲೆ ಕೈಯೆತ್ತಿದಾಗ ಅಮ್ಮ ಒಂದು ದಿನವೂ ಅಡ್ಡ ಬರಲಿಲ್ಲ. ಹೆದರಿಕೆ ಪಾಪ, ಗೋಡೆಗೆ ಆತು ನಿಂತಿರುತ್ತಿದ್ದಳು. ಈಗ ನನಗಾಗಿ ಒಬ್ಬ ಪರಕೀಯಳ ಮೇಲೆ ಹುಲಿಯ ಹಾಗೆ ಬೀಳುತ್ತಾಳೆ. ಇಷ್ಟು ದಿನ ಎಲ್ಲಿತ್ತು ಅಮ್ಮಾ ಈ ಧೈರ್ಯ ಎಂದು ಕೇಳಬೇಕೆನಿಸುತ್ತದೆ. ಕೇಳಬೇಕಾದ ಮಗಳು ಫೋಟೋದಲ್ಲಿದ್ದಾಳೆ, ಏಟು ತಿನ್ನುತ್ತಿರುವವಳು ನಾನು.

ಐದನೆಯದೊಂದು ಮಾಡಿ ಕಳಿಸು. ಟೈಲರಮ್ಮ ತೆಗೆದದ್ದರಿಂದಲೇ ಮಾಡು. ಏನನ್ನೂ ಒರೆಸಬೇಡ. ಒಂದು ಗೆರೆ, ಒಂದು ಕಲೆ ತೆಗೆದರೂ ನಾನು ನಿನ್ನ ಜೊತೆ ಮಾತು ಬಿಡುತ್ತೇನೆ.

ಅಕ್ಕ


ಏಪ್ರಿಲ್ ೨೩

ಅಕ್ಕಾ,

ಇಟ್ಟಿದ್ದೇನೆ, ನೋಡು. ಹಳದಿ ಉಳಿಯಲಿ ಎಂಬ ನಿಯಮದಲ್ಲಿ ಹೂವಿನ ಜೊತೆ ಅದೂ ಉಳಿದಿದೆ. ಬೂದು ಮುಖದ ಮೇಲೆ ಅದೊಂದೇ ಬಣ್ಣ. ಮರೆಸಬೇಕೆಂದರೆ ನನ್ನ ಕೈಯಾರೆ ಅದರ ಮೇಲೆ ಬೂದು ಬಳಿಯಬೇಕಿತ್ತು. ಕೈ ಅಲ್ಲಿಗೇ ಹೋಗುತ್ತಿತ್ತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ, ಮಾಲೀಕ ಬೈದ.

ಇದನ್ನು ಲಕೋಟೆಗೆ ಹಾಕಲು ನನ್ನಿಂದಾಗಲಿಲ್ಲ. ಪಕ್ಕದ ಮೇಜಿನವನ ಕೈಯಲ್ಲಿ ಹಾಕಿಸಿದೆ.

ತಮ್ಮ


ಮೇ ೯

ಗುಂಡಾ,

ನಡೆದ ಹಾಗೆ ಬರೆಯುತ್ತೇನೆ.

ನಿನ್ನ ಪ್ರಿಂಟ್ ಬಂದು ಹಲವು ದಿನ ಅದನ್ನು ಕೊಡಲು ಧೈರ್ಯವಾಗದೆ ಹಾಸಿಗೆಯ ಕೆಳಗೆ ಇಟ್ಟಿದ್ದೆ. ಅಷ್ಟರಲ್ಲಿ ಹಳೆಯ ಕಲೆ ಹೋಗಿ, ಅದೇ ಕೆನ್ನೆಗೆ ಹೊಸದು ಬಿತ್ತು. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎನಿಸಿತು. ಊಟವಾದ ಮೇಲೆ ಅಮ್ಮ ಕಿಟಕಿಯ ಬಳಿ ಕುಳಿತಿದ್ದಾಗ ಕೈಗೆ ಕೊಟ್ಟೆ.

ಮೊದಲು ಹೂವನ್ನು ಸವರಿದಳು, ಎಂದಿನ ಹಾಗೆ. ಬೆರಳು ಜಾರಿ ಕೆನ್ನೆಯ ಮೇಲೆ ಬಂತು, ಅಲ್ಲೇ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು. ಎದ್ದು ಬಂದು ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಗುರುತು ಹಿಡಿದಳು ಎಂದುಕೊಂಡೆ.

"ಯಾರಮ್ಮಾ ಹೊಡೆದದ್ದು? ಗಂಡನಾ?"

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. ಹೋಗಿ ಬೀದಿ ಬಾಗಿಲ ಚಿಲಕ ಹಾಕಿ ಬಂದಳು. ಬಟ್ಟೆ ಒದ್ದೆ ಮಾಡಿ ತಂದು ಕೆನ್ನೆಗೆ ಒತ್ತಿದಳು. ಒತ್ತುವ ರೀತಿ ನೋಡಬೇಕಿತ್ತು ನೀನು, ಎಲುಬಿಗೆ ತಾಗದ ಹಾಗೆ, ಅಂಚಿನಿಂದ ಒಳಗೆ. ಎಷ್ಟು ಸಲ ತನಗೆ ತಾನೇ ಮಾಡಿಕೊಂಡಿರಬೇಕು. ನಮಗೆ ಒಂದು ದಿನವೂ ಕಾಣಿಸಲಿಲ್ಲವಲ್ಲ.

"ಇಲ್ಲೇ ಇರು. ಅವನು ಬಂದ್ರೆ ನಾನು ಮಾತಾಡ್ತೀನಿ. ನನ್ನ ಮಗಳು ಬರ್ತಾಳೆ, ಅವಳು ಓದಿದವಳು, ಏನಾದ್ರೂ ದಾರಿ ತೋರಿಸ್ತಾಳೆ."

ಮಗಳು ಬರುವವರೆಗೆ ಮಗಳ ಕೋಣೆಯಲ್ಲೇ ಮಲಗು ಎಂದಳು. ಅಂದಿನಿಂದ ನಾನು ನನ್ನ ಕೋಣೆಯಲ್ಲಿ ಅಪ್ಪಣೆ ಪಡೆದು ಮಲಗುತ್ತಿದ್ದೇನೆ. ಅವಳು ಕೈಯೆತ್ತಿಲ್ಲ. ಬೀದಿಗೆ ಹೋಗಿಲ್ಲ. ಇಬ್ಬರೂ ಒಟ್ಟಿಗೆ ಊಟ ಮಾಡುತ್ತೇವೆ. ಅಪ್ಪನ ವಿಷಯ ಹೇಳುತ್ತಾಳೆ, ಗೆಳತಿಗೆ ಹೇಳುವ ಹಾಗೆ. ಹೊಡೆಯಲು ಬಂದಾಗ ಕಿವಿ ಉಳಿಸಿಕೊಳ್ಳಬೇಕಂತೆ, ಬೆನ್ನು ಕೊಡಬೇಕಂತೆ. ಮಕ್ಕಳು ಎದುರಿಗಿದ್ದರೆ ಕೂಗಬಾರದಂತೆ. ನಾನು ಹೂಂ, ಹೂಂ ಎನ್ನುತ್ತ ಕಲಿಯುತ್ತಿದ್ದೇನೆ.

ಅವಳು ನನ್ನ ಗುರುತು ಹಿಡಿಯಲಿಲ್ಲ. ಆ ಕಲೆಯ ಗುರುತು ಹಿಡಿದಳು. ಇಷ್ಟಾದರೂ ಆಯಿತಲ್ಲ ಎಂದು ಸಂತೋಷಪಡುತ್ತಿದ್ದೇನೆ, ನೀನೂ ಪಡು.

ನಿನ್ನ ಅಕ್ಕ


ಮೇ ೧೭

ಅಕ್ಕಾ,

ಪಡುತ್ತಿದ್ದೇನೆ.

ತಮ್ಮ


ಮೇ ೨೬

ತಮ್ಮಾ,

ಕಲೆ ಮಾಸುತ್ತಿದೆ.

ಮೊನ್ನೆ ಹಳದಿಗೆ ತಿರುಗಿದಾಗಲೇ ಅಮ್ಮ ನನ್ನನ್ನು ಒಂಥರಾ ನೋಡತೊಡಗಿದ್ದಳು. ನಿನ್ನೆ ಚಹಾ ಕೊಡಲು ಹೋದರೆ ಲೋಟ ತೆಗೆದುಕೊಳ್ಳದೆ ನನ್ನ ಮುಖವನ್ನೇ ನೋಡಿದಳು. ನೀನು ಯಾರು, ನನ್ನ ಮಗಳ ಕೋಣೆಯಿಂದ ಯಾಕೆ ಹೊರಗೆ ಬಂದೆ ಎಂದು ಕೇಳಿದಳು. ಹಳೆಯ ಫೋಟೋವನ್ನು ಎದೆಗೆ ಅವುಚಿಕೊಂಡಳು. ಮುಂದೆ ಏನಾಗುತ್ತದೆಂದು ನನಗೆ ಗೊತ್ತಿತ್ತು, ಕಿವಿ ಉಳಿಸಿಕೊಂಡೆ. ಅವಳು ಕಲಿಸಿದ್ದು ಅವಳೆದುರಿಗೇ ಉಪಯೋಗಕ್ಕೆ ಬಂತು. ಪೆಟ್ಟು ಭುಜಕ್ಕೆ ಬಿತ್ತು. ಭುಜಕ್ಕೆ ಬಿದ್ದದ್ದು ಬಟ್ಟೆಯೊಳಗೆ, ಅವಳಿಗೆ ಕಾಣುವುದಿಲ್ಲ.

ಒಳಗೆ ಹೋಗಿ ಕಣ್ಣಿನ ಕಾಡಿಗೆಯನ್ನು ಕೆನ್ನೆಗೆ ತಿಕ್ಕಿಕೊಂಡು ಬಂದೆ. ಅವಳು ಸೆರಗಿನಲ್ಲಿ ಒರೆಸಿ, ಮುಖ ತೊಳ್ಕೊ ಮಸಿ ಹತ್ತಿದೆ ಎಂದಳು. ಎಲ್ಲವನ್ನೂ ಮರೆತವಳಿಗೆ ಇದೊಂದರಲ್ಲಿ ಯಾರೂ ಮೋಸ ಮಾಡುವ ಹಾಗಿಲ್ಲ.

ನಿಜವಾದದ್ದೇ ಮುಖಕ್ಕೆ ಬೀಳಲಿ ಎಂದು ಎದುರಿಗೆ ಹೋಗಿ ನಿಲ್ಲುವುದೋ, ಬಣ್ಣ ಹಚ್ಚಿಕೊಳ್ಳುವುದೋ? ನಾನು ಬಂದು ನಿಂತಿರುವ ಜಾಗ ಇದು. ಹೊಡೆದಾದ ಮೇಲೆ ಅವಳೂ ಸುಧಾರಿಸಿಕೊಳ್ಳುವುದಿಲ್ಲ ಗುಂಡಾ, ಮೂಲೆಯಲ್ಲಿ ಮುದುಡಿ ಕುಳಿತಿರುತ್ತಾಳೆ. ಯಾಕೆ ಮುದುಡಿದ್ದೇನೆ ಎಂದು ಅವಳಿಗೇ ತಿಳಿದಿರುವುದಿಲ್ಲ.

ಬಣ್ಣ ಗೊತ್ತಿರುವವನು ನೀನು. ಹೇಗೆ ಹಚ್ಚಬೇಕು, ಹೇಳಿಕೊಡು.

ಅಕ್ಕ


ಜೂನ್ ೩

ಅಕ್ಕಾ,

ಇದರ ಜೊತೆಗಿರುವ ಡಬ್ಬಿ ಕಣ್ಣ ರೆಪ್ಪೆಗೆ ಹಚ್ಚುವ ಬಣ್ಣದ್ದು. ಅದರಲ್ಲಿ ಬೇಡದ ಬಣ್ಣಗಳ ಮೇಲೆ ಕಾಗದ ಅಂಟಿಸಿದ್ದೇನೆ. ಉಳಿದಿರುವವು ಸಾಕು.

ಕಪ್ಪನ್ನು ಮುಟ್ಟಲೇಬೇಡ. ಏಟಿನಲ್ಲಿ ಕಪ್ಪು ಇರುವುದಿಲ್ಲ. ಮೊದಲ ದಿನ ಇಟ್ಟಿಗೆ ಕೆಂಪು, ಬೆರಳ ತುದಿಯಿಂದ ಒತ್ತು, ಉಜ್ಜಬೇಡ. ಮಾರನೆಯ ದಿನ ಅದರ ನಡುವೆ ನೇರಳೆ. ಕೆನ್ನೆಯ ಎಲುಬು ಎಲ್ಲಿ ಎತ್ತರವೋ ಅಲ್ಲಿ ಗಾಢ, ಅದರ ಕೆಳಗೆ ಸ್ವಲ್ಪ ಇಳಿದಿರಲಿ, ರಕ್ತ ಕೆಳಗೆ ಇಳಿಯುತ್ತದೆ. ಅಂಚು ಗೆರೆ ಎಳೆದಂತೆ ಕಾಣಬಾರದು. ಆಮೇಲೆ ಹಸಿರು, ಹೊರಗಿನಿಂದ ಒಳಕ್ಕೆ ಬರಬೇಕು. ಹಳದಿ ಅಂಚಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ, ನಡುವಿಗೆ ಕೊನೆಗೆ ಹೋಗುತ್ತದೆ. ದಿನಾ ಬೆಳಿಗ್ಗೆ ಅಮ್ಮ ಏಳುವ ಮುಂಚೆ ಹಚ್ಚಿಕೊ. ಕಿಟಕಿಯ ಬೆಳಕಿನಲ್ಲಿ ನೋಡಿಕೊ, ದೀಪದ ಬೆಳಕಿನಲ್ಲಿ ಹಳದಿ ತಿಳಿಯುವುದಿಲ್ಲ.

ಪೂರ್ತಿ ಹಳದಿಯಾದ ಮೇಲೆ ಮತ್ತೆ ಕೆಂಪಿನಿಂದ ಶುರು ಮಾಡು. ಆದರೆ ಅದೇ ಜಾಗದಲ್ಲಿ ಬೇಡ. ಬಲಗಡೆ, ಇಲ್ಲವೇ ಹಣೆಯ ಮೂಲೆಯಲ್ಲಿ. ಪ್ರತಿ ಸಲವೂ ಒಂದೇ ಜಾಗಕ್ಕೆ ಏಟು ಬೀಳುವುದಿಲ್ಲ, ಅಮ್ಮನಿಗೆ ಅದು ಗೊತ್ತಿರುತ್ತದೆ.

ಇಷ್ಟು ವರ್ಷ ಹೆಂಗಸರ ಮುಖದಿಂದ ತೆಗೆದದ್ದನ್ನೆಲ್ಲ ಈಗ ನನ್ನ ಅಕ್ಕನ ಮುಖದ ಮೇಲೆ ಇಡುತ್ತಿದ್ದೇನೆ. ನನ್ನ ಕೈಯಲ್ಲಿ ಆಗುವುದು ಇಷ್ಟೇ. ಇದಕ್ಕಿಂತ ಹೆಚ್ಚೇನಾದರೂ ಆಗುವ ಹಾಗಿದ್ದರೆ ಮಾಡುತ್ತಿರಲಿಲ್ಲವೇ?

ಬರೆದು ಹೇಳಿದರೆ ಸರಿಯಾಗಿ ಬರುತ್ತದೋ ಇಲ್ಲವೋ ಎಂದು ಸ್ಟುಡಿಯೋದಲ್ಲಿ ನನ್ನ ಕೆನ್ನೆಗೇ ಹಚ್ಚಿ ನೋಡಿಕೊಂಡೆ. ತೊಳೆಯುವ ಮೊದಲೇ ಮಾಲೀಕ ಒಳಗೆ ಬಂದ. ಏನಾಯ್ತು ಎಂದ, ಏನಿಲ್ಲ ಎಂದೆ. ಅವನು ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿದ, ತಾನೇ ನೀರು ತಂದುಕೊಟ್ಟ, ಸಂಜೆಯವರೆಗೂ ಮೆಲ್ಲಗೆ ಮಾತನಾಡಿಸಿದ. ನಾನು ಅದನ್ನು ತೊಳೆಯದೆ ಹಾಗೇ ಕುಳಿತಿದ್ದೆ.

ಅಕ್ಕಾ, ಅಮ್ಮನನ್ನು ಒಂದು ಮಾತು ಕೇಳಿ ನೋಡು. ಯಾರು, ಏನು ಎಂದು ಹೇಳಬೇಡ. ಇಂಥದೇ ಪೆಟ್ಟು ತಿಂದ ಇನ್ನೊಬ್ಬ ಬಂದು ಬಾಗಿಲಲ್ಲಿ ನಿಂತರೆ, ಒಳಗೆ ಕರೆಯುತ್ತಾಳಾ ಎಂದು ಕೇಳು.

ನಿನ್ನ ತಮ್ಮ